ಫಿಲ್ಮ್ ಹೋಯಿತು, ಇಂಕ್‌ಜೆಟ್ ಬಂತು: ಸ್ಕ್ರೀನ್ ಪ್ರಿಂಟಿಂಗ್‌ನ ಮುಗಿಯದ ತಕರಾರು

ಸ್ಕ್ರೀನ್ ಮೇಲೆ ಚಿತ್ರ ಇಳಿಸಲು ಪಾಸಿಟಿವ್ ಬೇಕು, ಅಂದರೆ ಚಿತ್ರ ಕಪ್ಪಾಗಿ ಮೂಡಿರುವ ಪಾರದರ್ಶಕ ಹಾಳೆ. ಅದಕ್ಕೆ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದದ್ದು ಸಾಕಾ, ಹಳೆಯ ಫೋಟೋ ಫಿಲ್ಮೇ ಬೇಕಾ? ಸ್ಕ್ರೀನ್ ಪ್ರಿಂಟಿಂಗ್ ಮಾಡುವವರಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ಒಬ್ಬರು ಟೀ ಶರ್ಟ್ ಮೇಲೆ ನಾಲ್ಕು ಬಣ್ಣ ಚೆನ್ನಾಗಿ ತೆಗೆಯುತ್ತಾರೆ, ಇನ್ನೊಬ್ಬರಿಗೆ ಮದುವೆ ಕಾರ್ಡಿನ ಸಣ್ಣ ಅಕ್ಷರವೇ ಸ್ಪಷ್ಟವಾಗಿ ಬರುವುದಿಲ್ಲ. ಇಬ್ಬರ ಅನುಭವವೂ ನಿಜವೇ.

ಹಳೆ ಕಥೆ ಚಿಕ್ಕದು. ಮೊದಲು ಚಿತ್ರವನ್ನು ಫಿಲ್ಮಿಗೆ ಇಳಿಸಲು ಪ್ರೋಸೆಸ್ ಕ್ಯಾಮೆರಾ, ಡಾರ್ಕ್‌ರೂಮ್ ಬೇಕಿತ್ತು. 1985ರಲ್ಲಿ ಪುಟ ವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್ ಬಂತು, ಕಂಪ್ಯೂಟರ್‌ನಿಂದ ಇಮೇಜ್‌ಸೆಟರ್‌ಗೆ (ಲೇಸರ್‌ನಿಂದ ಫಿಲ್ಮ್ ಮೇಲೆ ಚಿತ್ರ ಮೂಡಿಸುವ ಯಂತ್ರ) ಕಳಿಸಿ ಫಿಲ್ಮ್ ತೆಗೆಸುವುದು ರೂಢಿಯಾಯಿತು, ಆಮೇಲೆ ಆಫ್‌ಸೆಟ್‌ನವರು ಫಿಲ್ಮ್ ಬಿಟ್ಟು ನೇರ ಪ್ಲೇಟಿಗೇ ಹೋದರು. ಫಿಲ್ಮ್ ತೆಗೆದುಕೊಡುವ ಅಂಗಡಿಗಳು ಬದುಕಿದ್ದೇ ಆಫ್‌ಸೆಟ್ ಕೆಲಸದಿಂದ. ಅವು ಒಂದೊಂದಾಗಿ ಮುಚ್ಚಿದವು. ಫಿಲ್ಮ್ ಇನ್ನೂ ಬೇಕಾಗಿದ್ದ ಸಣ್ಣ ಸ್ಕ್ರೀನ್ ಪ್ರಿಂಟರ್‌ಗಳು ಯಾರ ಲೆಕ್ಕದಲ್ಲೂ ಇರಲಿಲ್ಲ.

ಲೇಸರ್ ಪ್ರಿಂಟರ್, ಟ್ರೇಸಿಂಗ್ ಪೇಪರ್ ಇಟ್ಟುಕೊಂಡು ಕೆಲವರು ಸುಧಾರಿಸಿದರು. ಒಂದೇ ಬಣ್ಣಕ್ಕೆ ಪರವಾಗಿಲ್ಲ. ಆದರೆ ಟೋನರ್ ಕಾಯಿಸುವ ಬಿಸಿಗೆ ಹಾಳೆ ಕುಗ್ಗುತ್ತದೆ, ಬಣ್ಣಕ್ಕೊಂದರಂತೆ ತೆಗೆದ ನಾಲ್ಕು ಹಾಳೆ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಇಂಕ್‌ಜೆಟ್‌ನಲ್ಲಿ ಆ ಬಿಸಿ ಇಲ್ಲ. ಫಿಲ್ಮ್ ತೊಳೆಯುವ ರಾಸಾಯನಿಕಗಳಾದ ಡೆವಲಪರ್, ಫಿಕ್ಸರ್ ಚರಂಡಿಗೆ ಸುರಿಯುವ ಕೆಲಸವೂ ಇಲ್ಲ, ಇದು ಸಣ್ಣ ಲಾಭವಲ್ಲ.

ಹಾಗಾದರೆ ತೊಂದರೆ ಎಲ್ಲಿ? ನನ್ನ ಪ್ರಕಾರ ಕಪ್ಪಿನಲ್ಲಿ. ಸ್ಕ್ರೀನ್‌ನ ಬಲೆಗೆ (ಮೆಶ್) ಬಳಿದ ಎಮಲ್ಷನ್ ಎಂಬ ಲೇಪ ಯುವಿ (ನೇರಳಾತೀತ) ಬೆಳಕಿಗೆ ಗಟ್ಟಿಯಾಗುತ್ತದೆ, ಪಾಸಿಟಿವ್‌ನ ಕಪ್ಪಿನ ಕೆಳಗಿರುವುದು ಮಾತ್ರ ನೀರಿಗೆ ತೊಳೆದು ಹೋಗಬೇಕು. ಅಂದರೆ ಶಾಯಿ ತಡೆಯಬೇಕಾದ್ದು ಯುವಿಯನ್ನು, ಅದು ಕಣ್ಣಿಗೆ ಕಾಣುವುದಿಲ್ಲ. ಕಪ್ಪಿನ ದಟ್ಟಣೆಯ ಅಳತೆ ಡೆನ್ಸಿಟಿ. ಅದು 3 ಇದ್ದರೆ ಸಾವಿರದಲ್ಲಿ ಒಂದು ಪಾಲು ಬೆಳಕು ದಾಟುತ್ತದೆ, 2 ಇದ್ದರೆ ನೂರರಲ್ಲಿ ಒಂದು. ಕಣ್ಣಿಗೆ ಎರಡೂ ಕಪ್ಪೇ. ಪ್ರಿಂಟರ್‌ನ ಮಾಮೂಲಿ ಸೆಟ್ಟಿಂಗ್ ಕಾಗದಕ್ಕೆ ಬೇಕಾದಷ್ಟೇ ಶಾಯಿ ಹಾಕುತ್ತದೆ, ಜಾಸ್ತಿ ಹಾಕಿಸಲು ಪ್ರಿಂಟರ್‌ನ ಶಾಯಿ, ಚುಕ್ಕೆಗಳನ್ನು ನಿಯಂತ್ರಿಸುವ ರಿಪ್ (RIP) ಸಾಫ್ಟ್‌ವೇರ್ ಬೇಕು, ಆ ಶಾಯಿ ಹಿಡಿದುಕೊಳ್ಳಲು ಕೋಟಿಂಗ್ ಇರುವ ಇಂಕ್‌ಜೆಟ್ ಫಿಲ್ಮೇ (ಪ್ಲಾಸ್ಟಿಕ್ ಹಾಳೆ) ಬೇಕು. ಇದ್ಯಾವುದೂ ಇಲ್ಲದಿದ್ದರೆ ಕಪ್ಪು ದಾಟಿದ ಬೆಳಕಿಗೆ ಸಣ್ಣ ಅಕ್ಷರದ ಜಾಗವೂ ಗಟ್ಟಿಯಾಗಿ ತೊಳೆದು ಹೋಗುವುದಿಲ್ಲ, ಆಗ ಜನ ಎಕ್ಸ್‌ಪೋಷರ್ ಸಮಯ, ಅಂದರೆ ಬೆಳಕು ತೋರಿಸುವ ಹೊತ್ತು, ಇಳಿಸುತ್ತಾರೆ. ಆಗ ಉಳಿದ ಎಮಲ್ಷನ್ ಪೂರ್ತಿ ಗಟ್ಟಿಯಾಗದೆ ಪ್ರಿಂಟ್ ಮಧ್ಯೆ ಕಿತ್ತು ಬರುತ್ತದೆ. ಬೈಸಿಕೊಳ್ಳುವುದು ಎಮಲ್ಷನ್!

ಚಿತ್ರದ ಛಾಯೆ ತೋರಿಸುವ ಸಣ್ಣ ಚುಕ್ಕೆಗಳ (ಹಾಫ್‌ಟೋನ್) ವಿಷಯದಲ್ಲಿ ಮಾತ್ರ ಫಿಲ್ಮ್ ಪರ ಇರುವವರ ಮಾತು ಒಪ್ಪಬೇಕು. ಟೀ ಶರ್ಟಿಗೆ ಇಂಚಿಗೆ ಚುಕ್ಕೆಗಳ 45ರಿಂದ 55 ಸಾಲು ಸಾಕು, ಅದನ್ನು ಇಂಕ್‌ಜೆಟ್ ಸಲೀಸಾಗಿ ಕೊಡುತ್ತದೆ. ಮ್ಯಾಗಜಿನ್ ಮಟ್ಟದ 150 ಸಾಲಿಗೆ 2540 ಡಿಪಿಐ (ಯಂತ್ರ ಇಂಚಿಗೆ ಮೂಡಿಸುವ ಬಿಂದುಗಳು) ಇಮೇಜ್‌ಸೆಟರ್ ಫಿಲ್ಮ್ ಕೊಡುವಷ್ಟು ಚೂಪಾದ ಅಂಚು ಇಂಕ್‌ಜೆಟ್‌ಗೆ ಬರುವುದಿಲ್ಲ. ಡಬ್ಬದ ಮೇಲೆ 1440 ಡಿಪಿಐ ಎಂದು ಬರೆದಿದ್ದರೂ ಶಾಯಿಯ ಹನಿ ಬಿದ್ದಲ್ಲಿ ಸ್ವಲ್ಪ ಹರಡುತ್ತದೆ ಅಲ್ವಾ? ಮಳೆಗಾಲದ ತೇವಕ್ಕೆ ಕೋಟಿಂಗ್ ಅಂಟಂಟಾಗುವುದು ಇನ್ನೊಂದು ಕಾಟ.

ಈಗ ಫಿಲ್ಮೇ ಇಲ್ಲದೆ ನೇರ ಸ್ಕ್ರೀನ್ ಮೇಲೆ ಶಾಯಿ ಅಥವಾ ಮೇಣ ಸಿಂಪಡಿಸುವ ಯಂತ್ರಗಳೂ ಇವೆ. ದೊಡ್ಡ ಗಾರ್ಮೆಂಟ್ ಘಟಕಗಳಿಗೆ ಅವು ಸರಿ. ದಿನಕ್ಕೆ ನಾಲ್ಕಾರು ಸ್ಕ್ರೀನ್ ಮಾಡುವ ಕಾರ್ಡ್ ಅಂಗಡಿಗೆ ಆ ಬೆಲೆ ಗಿಟ್ಟುವುದಿಲ್ಲ, ಅಲ್ಲಿ ಇಂಕ್‌ಜೆಟ್ ಫಿಲ್ಮೇ ನಡೆಯುತ್ತದೆ. ಅಂಥ ಕಡೆ ಶಾಯಿ ಬದಲಿಸಿದಾಗೆಲ್ಲ ಒಂದು ಎಕ್ಸ್‌ಪೋಷರ್ ಟೆಸ್ಟ್ ಮಾಡಿಕೊಂಡರೆ ಅರ್ಧ ಜಗಳ ಅಲ್ಲೇ ಬಗೆಹರಿಯುತ್ತದೆ.