ಎರಡನೇ ಸರ್ವ್‌ನಲ್ಲಿ ತೋಳಿನ ವೇಗ ಏಕೆ ತಗ್ಗಬಾರದು?

ಟೆನಿಸ್‌ನಲ್ಲಿ ಮೊದಲ ಸರ್ವ್ ನೆಟ್‌ಗೆ ಬಡಿದರೆ ಎರಡನೆಯದರಲ್ಲಿ ಹೊಸ ಆಟಗಾರರ ತೋಳು ತಾನಾಗಿಯೇ ನಿಧಾನವಾಗುತ್ತದೆ. ಮೆಲ್ಲಗೆ ಹೊಡೆದರೆ ಚೆಂಡು ಒಳಗೆ ಬಿದ್ದೀತು ಎಂಬ ಲೆಕ್ಕ. ಕಿಕ್ ಸರ್ವ್, ಅಂದರೆ ಚೆಂಡನ್ನು ಜೋರಾಗಿ ತಿರುಗಿಸಿ ಎತ್ತರಕ್ಕೆ ಪುಟಿಸುವ ಸರ್ವ್, ಕಲಿಯುವವರು ಮೊದಲು ಬಿಡಬೇಕಾದದ್ದು ಈ ಲೆಕ್ಕವನ್ನೇ.

ಸರ್ವ್ ಮಾಡುವವರು ನಿಲ್ಲುವ ಬೇಸ್‌ಲೈನ್‌ನಿಂದ ನೆಟ್‌ಗೆ 11.89 ಮೀಟರ್. ನೆಟ್ ದಾಟಿದ ಚೆಂಡು ಮುಂದಿನ 6.40 ಮೀಟರ್ ಒಳಗೆ ನೆಲ ಮುಟ್ಟಬೇಕು. ವೇಗವಾಗಿ ನೇರ ಹೋಗುವ ಚೆಂಡನ್ನು ಗುರುತ್ವವೊಂದೇ ಅಷ್ಟು ಬೇಗ ಇಳಿಸಲಾರದು. ಹಾಗಾಗಿ ಅದು ನೆಟ್ ಸವರಿಕೊಂಡೇ ಹೋಗಬೇಕು. ಟಾಪ್‌ಸ್ಪಿನ್ ಇದ್ದರೆ ಮಾತು ಬೇರೆ. ಮುಂದಕ್ಕೆ ಉರುಳುತ್ತ ಹಾರುವ ಚೆಂಡು ತನ್ನ ಹಿಂದಿನ ಗಾಳಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಪ್ರತಿಯಾಗಿ ಗಾಳಿ ಚೆಂಡನ್ನು ಕೆಳಕ್ಕೆ ಒತ್ತುತ್ತದೆ. ಓರೆ ರಾಕೆಟ್ ತಾಗಿದ ಟೆನಿಸ್ ಚೆಂಡು ಬಾಗಿ ಸಾಗುವುದನ್ನು ನ್ಯೂಟನ್ 1672ರಲ್ಲೇ ಬರೆದಿದ್ದ. ಆದರೆ ಈ ಪರಿಣಾಮಕ್ಕೆ ಹೆಸರು ಬಂದದ್ದು 1850ರ ದಶಕದಲ್ಲಿ ಇದನ್ನು ಪ್ರಯೋಗಿಸಿ ನೋಡಿದ ಜರ್ಮನಿಯ ಮ್ಯಾಗ್ನಸ್‌ನಿಂದ.

ವೃತ್ತಿಪರರ ಕಿಕ್ ಸರ್ವ್‌ನಲ್ಲಿ ಚೆಂಡು ನಿಮಿಷಕ್ಕೆ 3000ಕ್ಕೂ ಹೆಚ್ಚು ಸುತ್ತಿನ ದರದಲ್ಲಿ ತಿರುಗಬಲ್ಲದು. ಅಷ್ಟು ಸ್ಪಿನ್ ಹುಟ್ಟುವುದು ರಾಕೆಟ್‌ನ ವೇಗದಿಂದ. ತೋಳು ಸೋತರೆ ಸ್ಪಿನ್ ಸೋಲುತ್ತದೆ, ಚೆಂಡನ್ನು ಇಳಿಸುವ ಒತ್ತಡವೂ ಹೋಗುತ್ತದೆ. ಆದ್ದರಿಂದ ಮೊದಲ ಸರ್ವ್‌ನಷ್ಟೇ ಜೋರಾಗಿ ಬೀಸಬೇಕು. ಬದಲಾಗಬೇಕಾದದ್ದು ಬೀಸಿನ ದಿಕ್ಕು ಮಾತ್ರ. ಬಲಗೈ ಆಟಗಾರರು ರಾಕೆಟನ್ನು ಸುತ್ತಿಗೆಯಂತೆ ಹಿಡಿಯುವ ಕಾಂಟಿನೆಂಟಲ್ ಗ್ರಿಪ್ ಹಿಡಿದು, ಚೆಂಡನ್ನು ತಲೆಯ ಮೇಲೆ, ತುಸು ಎಡಕ್ಕೆ ಟಾಸ್ ಮಾಡಿ, ಅದರ ಬೆನ್ನನ್ನು ಎಡ ಕೆಳಗಿನಿಂದ ಬಲ ಮೇಲಕ್ಕೆ ಉಜ್ಜಬೇಕು. ನನ್ನ ಮಟ್ಟಿಗೆ ಇಡೀ ಹೊಡೆತದ ಜೀವ ಟಾಸ್‌ನಲ್ಲಿದೆ. ಚೆಂಡು ತೀರಾ ಮುಂದೆ ಬಿದ್ದರೆ ಮೇಲಕ್ಕೆ ಉಜ್ಜಲು ಜಾಗವೇ ಇರುವುದಿಲ್ಲ.

ಕಡಿದಾಗಿ ಇಳಿದ ಚೆಂಡು ಎತ್ತರಕ್ಕೆ ಪುಟಿಯುತ್ತದೆ. ತಿರುಗುವ ಅಕ್ಷ ಓರೆಯಾಗಿರುವುದರಿಂದ ನೆಲದ ಘರ್ಷಣೆ ಅದನ್ನು ಪಕ್ಕಕ್ಕೂ ಎಸೆಯುತ್ತದೆ. ಬಲಗೈ ಎದುರಾಳಿಗೆ ಅದು ಬ್ಯಾಕ್‌ಹ್ಯಾಂಡ್ ಕಡೆ, ಭುಜದೆತ್ತರಕ್ಕೆ ಬರುತ್ತದೆ. 2011ರ ಯುಎಸ್ ಓಪನ್ ಗೆದ್ದ ಸಮಂತಾ ಸ್ಟೋಸರ್‌ಗೆ ಇದೇ ದೊಡ್ಡ ಅಸ್ತ್ರವಾಗಿತ್ತು.

ಗಾಳಿಯ ಸಾಂದ್ರತೆಯೂ ಲೆಕ್ಕಕ್ಕೆ ಬರುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, ಅದೇ ತಾಪಮಾನದ ಮಂಗಳೂರಿಗಿಂತ ಗಾಳಿ ಸುಮಾರು ಶೇ. 10ರಷ್ಟು ತೆಳು. ಬೆಂಗಳೂರಿನಲ್ಲಿ ಅಷ್ಟೇ ಬಾಗು ಬೇಕೆಂದರೆ ಇನ್ನಷ್ಟು ಸ್ಪಿನ್ ಬೇಕು.

ಅಭ್ಯಾಸಕ್ಕೆ ಮೊಣಕಾಲೂರಿ ಕೂತು ಸರ್ವ್ ಮಾಡಿ. ಆಗ ಮೇಲಕ್ಕೆ ಬೀಸದೆ ಚೆಂಡು ನೆಟ್ ದಾಟುವುದೇ ಇಲ್ಲ. ನಿಂತು ಸರ್ವ್ ಮಾಡುವಾಗ, ಒಮ್ಮೆ ಪುಟಿದ ಚೆಂಡು ಎದುರಿನ ಬೇಲಿಗೆ ಎಷ್ಟು ಎತ್ತರದಲ್ಲಿ ತಾಗಿತೆಂದು ನೋಡಿ. ಸ್ಪಿನ್ ಹೆಚ್ಚಿದಂತೆ ಆ ಗುರುತು ಮೇಲೇರುತ್ತದೆ.