ಹಳೇ ಗೇಮ್ ಮತ್ತೆ ಮಾರಲು ಯಾರ ಸಹಿ ಬೇಕು?

ರೋಡ್ ರ‍್ಯಾಶ್ ಗೊತ್ತಲ್ವಾ? ಬೈಕ್ ಓಡಿಸುತ್ತಾ ಪಕ್ಕದವನಿಗೆ ಚೈನಿನಿಂದ ಬಾರಿಸುವ ಆಟ. ತೊಂಬತ್ತರ ದಶಕದ ಕೊನೆಗೆ ನಮ್ಮ ಊರುಗಳಲ್ಲಿ ಕಂಪ್ಯೂಟರ್ ಕಂಡ ಹುಡುಗರಲ್ಲಿ ಅದನ್ನು ಆಡದವರು ಕಡಿಮೆ. ಅದರ ವಿಂಡೋಸ್ ಆವೃತ್ತಿ ಬಂದಿದ್ದು 1996ರಲ್ಲಿ. ಆಗ ಯಾರದ್ದೋ ಸಿಡಿಯಿಂದ ಕಾಪಿ ಮಾಡಿಕೊಂಡು ಆಡಿದವರು ಈಗ ಕೆಲಸ, ಸಂಬಳ ಅಂತ ಒಂದು ನೆಲೆ ಕಂಡಿದ್ದಾರೆ. ಈಗಲಾದರೂ ದುಡ್ಡು ಕೊಟ್ಟೇ ಕೊಳ್ಳೋಣ ಅಂದರೆ ಸ್ಟೀಮ್, ಗಾಗ್ ಎಂಬ ಆನ್‌ಲೈನ್ ಗೇಮ್ ಅಂಗಡಿಗಳಲ್ಲೂ ಇಲ್ಲ.

ಇದು ಒಂದು ಆಟದ ಪಾಡಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕಿಂತ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಈಗ ಮಾರಾಟಕ್ಕೇ ಇಲ್ಲ ಅಂತ ಅದರಲ್ಲಿ ಗೊತ್ತಾಯಿತು. ಕಮೊಡೋರ್ 64 ಕಂಪ್ಯೂಟರಿನ ಆಟಗಳಲ್ಲಂತೂ ನೂರಕ್ಕೆ ಐದೂ ಸಿಗುವುದಿಲ್ಲ.

ಹಳೇ ಮಷೀನಿನ ಆಟ ಹೊಸ ಮಷೀನಿನಲ್ಲಿ ಓಡುವುದಿಲ್ಲ, ಅದಕ್ಕೇ ಹೀಗೆ ಅಂತ ಮೊದಲು ಅನ್ನಿಸುತ್ತದೆ. ಆ ತೊಂದರೆ ಇದೆ, ನಿಜ. ಆದರೆ ಅದಕ್ಕೆ ಮದ್ದು ಸಿಕ್ಕಿ ಬಹಳ ಕಾಲವಾಯಿತು. ಎಮ್ಯುಲೇಟರ್ ಅನ್ನುವುದು ಒಂದು ಪ್ರೋಗ್ರಾಂ. ಹಳೇ ಪ್ರೊಸೆಸರ್‌ಗಾಗಿ ಬರೆದ ಸೂಚನೆಗಳನ್ನು ಓದಿ, ಇಂದಿನ ಪ್ರೊಸೆಸರ್‌ಗೆ ಅರ್ಥವಾಗುವ ಸೂಚನೆಗಳಾಗಿ ಬದಲಿಸುತ್ತದೆ. ಪದೇ ಪದೇ ಬರುವ ತುಂಡುಗಳನ್ನು ಒಮ್ಮೆ ಬದಲಿಸಿ ಹಾಗೇ ಇಟ್ಟುಕೊಳ್ಳುತ್ತದೆ, ಹಾಗಾಗಿ ವೇಗ ಸಿಗುತ್ತದೆ. 1996ರಲ್ಲಿ ಬಂದ ನಿಂಟೆಂಡೊ 64 ಎಂಬ ಗೇಮ್ ಯಂತ್ರದ ಪ್ರೊಸೆಸರ್ ಓಡುತ್ತಿದ್ದದ್ದು 93.75 ಮೆಗಾಹರ್ಟ್ಸ್ ವೇಗದಲ್ಲಿ. ಇವತ್ತಿನ ಸಾಧಾರಣ ಫೋನಿಗೆ ಅದು ದೊಡ್ಡ ಹೊರೆಯಲ್ಲ.

ಒಂದು ಸಣ್ಣ ವಿಷಯ ನೋಡಿ. ಇದೇ ಯಂತ್ರಕ್ಕಾಗಿ ಮಾಡಿದ 1997ರ ಗೋಲ್ಡನ್‌ಐ 007 ಎಂಬ ಜೇಮ್ಸ್ ಬಾಂಡ್ ಆಟ ಬರೀ 12 ಎಂಬಿಯ ಕಾರ್ಟ್ರಿಜ್‌ನಲ್ಲಿ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಡಬ್ಬಿಯಲ್ಲಿ, ಬಂತು. ಅದನ್ನು ಮಾಡಿದ್ದು ಇಂಗ್ಲೆಂಡಿನ ರೇರ್ ಕಂಪನಿ. ಆ ಕಾರ್ಟ್ರಿಜ್ ಒಳಗೆ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಎಂಬತ್ತರ ದಶಕದ ಕಂಪ್ಯೂಟರಿನ ಎಮ್ಯುಲೇಟರ್ ಒಂದು ಅಡಗಿ ಕೂತಿತ್ತು. ಜೊತೆಗೆ ಆ ಕಂಪ್ಯೂಟರಿಗೆ ಇದೇ ತಂಡದ ಹಿರಿಯರು ಹಿಂದೆ ಮಾಡಿದ್ದ 10 ಆಟಗಳೂ ಇದ್ದವು. 2012ರಲ್ಲಿ ಅಭಿಮಾನಿಗಳು ಅದನ್ನು ಪತ್ತೆ ಹಚ್ಚಿದರು. ಅಂದರೆ ಹಳೇ ಆಟವನ್ನು ಹೊಸ ಯಂತ್ರದಲ್ಲಿ ಓಡಿಸುವ ಕೈಚಳಕ 1997ರಲ್ಲೇ ಇತ್ತು. ಆ ಆಟಗಳು ಅವರವೇ ಆಗಿದ್ದರಿಂದ ಹೊರಗಿನ ಯಾರನ್ನೂ ಕೇಳಬೇಕಾಗಿರಲಿಲ್ಲ.

ನನ್ನ ಮಾತು ಇಷ್ಟೇ: ಹಳೇ ಆಟಗಳು ಸಿಗದೇ ಇರುವುದಕ್ಕೆ ದೊಡ್ಡ ಕಾರಣ ಕಂಪ್ಯೂಟರ್ ಚಿಪ್‌ನಲ್ಲಿಲ್ಲ, ಕಾಗದದಲ್ಲಿದೆ.

ಒಂದು ಆಟ ಅಂದರೆ ಒಂದು ವಸ್ತು ಅಂದುಕೊಳ್ಳುತ್ತೇವೆ. ಕಾನೂನಿನ ಕಣ್ಣಿಗೆ ಅದು ಹಲವು ವಸ್ತುಗಳ ಕಟ್ಟು. ಕೋಡಿನ ಕಾಪಿರೈಟ್ ಒಬ್ಬರದು. ಹೆಸರಿನ ಟ್ರೇಡ್‌ಮಾರ್ಕ್ ಇನ್ನೊಬ್ಬರ ಹತ್ತಿರ ಇರಬಹುದು. ಪಾತ್ರ ಸಿನಿಮಾದಿಂದ ಬಂದಿದ್ದರೆ ಆ ಸ್ಟುಡಿಯೋ, ನಟನ ಮುಖ ಇದ್ದರೆ ಆ ನಟ, ಹಾಡಿದ್ದರೆ ಸಂಗೀತ ಕಂಪನಿ, ಕಾರಿದ್ದರೆ ಕಾರು ಕಂಪನಿ. ವಿಡಿಯೊ ತುಣುಕು ತೋರಿಸಲು ಬೇರೆ ಕಂಪನಿಯ ತಂತ್ರಾಂಶ ಬಳಸಿದ್ದರೆ ಅದಕ್ಕೂ ಲೈಸೆನ್ಸ್ ಬೇಕು. ಮೂವತ್ತು ವರ್ಷದ ಹಿಂದಿನ ಎಷ್ಟೋ ಕರಾರುಗಳಲ್ಲಿ ಕಾರ್ಟ್ರಿಜ್, ಸಿಡಿ ಅಂತ ಬರೆದಿರುತ್ತದೆ. ಇಂಟರ್ನೆಟ್ ಮೂಲಕ ಇಳಿಸಿಕೊಳ್ಳುವುದರ ಸುದ್ದಿಯೇ ಇರುವುದಿಲ್ಲ.

ಪಿತ್ರಾರ್ಜಿತ ಜಮೀನು ಮಾರಲು ಹೊರಟವರಿಗೆ ಈ ಪಜೀತಿ ಥಟ್ಟನೆ ಅರ್ಥವಾಗುತ್ತದೆ. ಪಹಣಿಯಲ್ಲಿ ಇನ್ನೂ ತಾತನ ಹೆಸರು. ಸಹಿ ಹಾಕಬೇಕಾದವರು ಏಳು ಜನ, ಇಬ್ಬರು ಎಲ್ಲಿದ್ದಾರೋ ಗೊತ್ತಿಲ್ಲ. ಆದರೂ ಜಮೀನಿಗೆ ಪಹಣಿ ಅಂತ ಒಂದು ಇದೆ, ತಾಲ್ಲೂಕು ಕಚೇರಿಗೆ ಹೋಗಿ ನೋಡಬಹುದು. ಗೇಮಿಗೆ ಅದೂ ಇಲ್ಲ. ಕಾಪಿರೈಟ್ ಹುಟ್ಟಲು ನೋಂದಣಿ ಬೇಕಿಲ್ಲ. ಅದು ಕೈ ಬದಲಾಯಿಸಿದಾಗ ಸರ್ಕಾರಿ ದಫ್ತರಿನಲ್ಲಿ ಬರೆಸಲೇಬೇಕು ಅಂತಲೂ ಇಲ್ಲ. ಇಬ್ಬರ ನಡುವಿನ ಕರಾರು ಪತ್ರ ಯಾವ ಗೋಡೌನಿನ ಯಾವ ಡಬ್ಬದಲ್ಲಿದೆಯೋ, ಮಾಲೀಕತ್ವದ ಗುಟ್ಟೂ ಅಲ್ಲೇ ಇರುತ್ತದೆ.

ಸ್ಟೀಫನ್ ಕಿಕ್ ಎಂಬುವರ ಅನುಭವ ಇದಕ್ಕೆ ಒಳ್ಳೆಯ ಪಾಠ. ಗೇಮ್ ಕಂಪನಿಯೊಂದರಲ್ಲಿ ಕಲಾವಿದರಾಗಿದ್ದವರು ಕೆಲಸ ಬಿಟ್ಟು ಮಧ್ಯ ಅಮೆರಿಕ ಸುತ್ತುತ್ತಿದ್ದರು. ಗ್ವಾಟೆಮಾಲಾದಲ್ಲಿದ್ದಾಗ 1999ರ ಸಿಸ್ಟಮ್ ಶಾಕ್ 2 ಆಡಬೇಕು ಅನ್ನಿಸಿತು. ಎಲ್ಲೂ ಮಾರಾಟಕ್ಕಿಲ್ಲ. ಯಾಕೆ ಅಂತ ಹುಡುಕುತ್ತಾ ಹೋದರು. ಅದನ್ನು ಮಾಡಿದ ಲುಕಿಂಗ್ ಗ್ಲಾಸ್ ಸ್ಟುಡಿಯೋ 2000ದಲ್ಲಿ ಬಾಗಿಲು ಹಾಕಿತ್ತು. ಅದರ ಆಸ್ತಿ ಹೋಗಿ ಸೇರಿದ್ದು ಒಂದು ವಿಮಾ ಕಂಪನಿಯ ಕೈಗೆ! ಕಿಕ್ ಆ ಕಂಪನಿಯ ವಕೀಲರಿಗೆ ಪತ್ರ ಬರೆದರು. ಮಾತುಕತೆ ಕುದುರಿತು. 2013ರ ಫೆಬ್ರುವರಿಯಲ್ಲಿ ಆಟ ಗಾಗ್‌ನಲ್ಲಿ ಮತ್ತೆ ಮಾರಾಟಕ್ಕೆ ಬಂತು. ಕಿಕ್ ಅವರ ನೈಟ್‌ಡೈವ್ ಕಂಪನಿ ಹುಟ್ಟಿದ್ದೇ ಹೀಗೆ.

ಇಲ್ಲಿ ಇನ್ನೊಂದು ವಿಚಾರ ಹೇಳಲೇಬೇಕು. ಈ ಆಟ ಇಂದಿನ ವಿಂಡೋಸ್‌ನಲ್ಲಿ ಸರಾಗವಾಗಿ ಓಡುವಂತೆ ಮಾಡಿದ ಪ್ಯಾಚ್, ಅಂದರೆ ತೇಪೆಯಂಥ ಪ್ರೋಗ್ರಾಂ, 2012ರಲ್ಲಿ ಒಂದು ಫ್ರೆಂಚ್ ಫೋರಂನಲ್ಲಿ ಪ್ರತ್ಯಕ್ಷವಾಗಿತ್ತು. ಹಾಕಿದವರು ಲ ಕಾರ್ಬೋ ಎಂಬ ಅಡ್ಡಹೆಸರಿನವರು. ಒಂದು ಪೈಸೆ ಕೇಳಲಿಲ್ಲ. ಹೀಗೆ ತಾಂತ್ರಿಕ ಕೆಲಸಕ್ಕೆ ಪ್ರೀತಿಯಿಂದ ಕೈ ಹಾಕುವವರು ಎಲ್ಲೆಲ್ಲೂ ಇದ್ದಾರೆ. ಸಹಿ ತರುವುದು ಮಾತ್ರ ಪ್ರೀತಿಯೊಂದರಿಂದ ಆಗುವ ಕೆಲಸವಲ್ಲ.

ಸಿಸ್ಟಮ್ ಶಾಕ್ 2 ಕೊಟ್ಟ ಧೈರ್ಯದ ಮೇಲೆ ಕಿಕ್ ಮುಂದಿನ ಆಟಕ್ಕೆ ಹೊರಟರು. ನೋ ಒನ್ ಲಿವ್ಸ್ ಫಾರೆವರ್, 2000ದಲ್ಲಿ ಬಂದದ್ದು. ಅರವತ್ತರ ದಶಕದ ಕಥೆ, ಕೇಟ್ ಆರ್ಚರ್ ಎಂಬ ಗೂಢಚಾರಿಣಿ ನಾಯಕಿ. ಮಾಡಿದ್ದು ಮೊನೊಲಿತ್, ಪ್ರಕಟಿಸಿದ್ದು ಫಾಕ್ಸ್ ಸಿನಿಮಾ ಸ್ಟುಡಿಯೋದ ಗೇಮ್ ವಿಭಾಗವಾದ ಫಾಕ್ಸ್ ಇಂಟರಾಕ್ಟಿವ್. ಆಮೇಲೆ ಆದದ್ದು ನೋಡಿ. 2003ರಲ್ಲಿ ಫಾಕ್ಸ್ ಇಂಟರಾಕ್ಟಿವ್ ವಿವೆಂಡಿ ಪಾಲಾಯಿತು. 2004ರಲ್ಲಿ ಮೊನೊಲಿತ್ ವಾರ್ನರ್ ಪಾಲಾಯಿತು. 2008ರಲ್ಲಿ ವಿವೆಂಡಿಯ ಗೇಮ್ ವಿಭಾಗ ಆಕ್ಟಿವಿಷನ್ ಜೊತೆ ಸೇರಿತು. ಹಾಗಾದರೆ ಆಟ ಯಾರದ್ದು? ವಾರ್ನರ್‌ದೋ, ಆಕ್ಟಿವಿಷನ್‌ದೋ, ಮೂಲ ಫಾಕ್ಸ್ ಸ್ಟುಡಿಯೋದ್ದೋ?

ನೈಟ್‌ಡೈವ್ ಮೂವರ ಬಾಗಿಲನ್ನೂ ತಟ್ಟಿತು. ತಮ್ಮ ಹತ್ತಿರ ಏನಿದೆ ಅಂತ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಕಂಪ್ಯೂಟರ್ ದಾಖಲೆಗೂ ಮುಂಚಿನ ಕಾಗದ, ಎಲ್ಲೋ ಡಬ್ಬದಲ್ಲಿರಬೇಕು ಅನ್ನುವ ಉತ್ತರ ಬಂತು. ಹುಡುಕಲು ವಕೀಲರ ಸಮಯ ಬೇಕು, ಆ ಸಮಯಕ್ಕೆ ದುಡ್ಡು ಬೇಕು, ಒಂದು ಹಳೇ ಆಟದಿಂದ ಬರುವ ಲಾಭ ಅದಕ್ಕೆ ಸಾಲದು. ಹಾಗಂತ ನೀವೇ ಮಾರಿಕೊಳ್ಳಿ ಅಂತಲೂ ಅನ್ನಲಿಲ್ಲ. ಒಂದು ವೇಳೆ ಹಕ್ಕು ತಮ್ಮದೇ ಆಗಿದ್ದರೆ ಕೇಸು ಹಾಕುವ ಬಾಗಿಲನ್ನು ತೆರೆದೇ ಇಟ್ಟರು. 2014ರಲ್ಲಿ ನೈಟ್‌ಡೈವ್ ಆ ಹೆಸರಿನ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದಾಗ ವಾರ್ನರ್ ಕಡೆಯಿಂದ ತಕರಾರು ಬಂತು. ಪ್ರಯತ್ನ ಅಲ್ಲಿಗೆ ನಿಂತಿತು.

ಅಲ್ಲಿಂದೀಚೆಗೆ ಗಂಟು ಇನ್ನೂ ಬಿಗಿಯಾಗಿದೆ. 2019ರಲ್ಲಿ ಫಾಕ್ಸ್ ಸ್ಟುಡಿಯೋವನ್ನು ಡಿಸ್ನಿ ಕೊಂಡಿತು. 2023ರಲ್ಲಿ ಆಕ್ಟಿವಿಷನ್ ಮೈಕ್ರೋಸಾಫ್ಟ್‌ಗೆ ಹೋಯಿತು. 2025ರ ಫೆಬ್ರುವರಿಯಲ್ಲಿ ಮೊನೊಲಿತ್ ಅನ್ನು ವಾರ್ನರ್ ಮುಚ್ಚಿಯೇ ಬಿಟ್ಟಿತು. ನನಗೆ ಬೇಜಾರಾಗುವುದು ಇಲ್ಲೇ. ಮಾಲೀಕ ಬೇಡ ಅಂದರೆ ಅದು ಅವನ ಹಕ್ಕು, ಒಪ್ಪಿಕೊಳ್ಳೋಣ. ಮಾಲೀಕ ಹೌದೋ ಅಲ್ಲವೋ ಅಂತ ನೋಡಿಯೂ ನೋಡದೆ ತಡೆಯುವುದನ್ನು ಹಕ್ಕು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಡಿನ ಸಮಸ್ಯೆ ಬೇರೆ ತರಹದ್ದು. ಅಲ್ಲಿ ಮಾಲೀಕರು ಯಾರೆಂದು ಸಾಮಾನ್ಯವಾಗಿ ಗೊತ್ತಿರುತ್ತದೆ, ಅವಧಿ ಮುಗಿದಿರುತ್ತದೆ. ಒಂದು ಹಾಡನ್ನು ಆಟದಲ್ಲಿ ಹಾಕಲು ಎರಡು ಅನುಮತಿ ಬೇಕು. ಸಾಹಿತ್ಯ ಮತ್ತು ರಾಗಕ್ಕೆ ಒಂದು, ಧ್ವನಿಮುದ್ರಣಕ್ಕೆ ಇನ್ನೊಂದು. ಎರಡೂ ಬೇರೆ ಬೇರೆ ಕಂಪನಿಗಳ ಹತ್ತಿರ ಇರಬಹುದು. ಎಷ್ಟೋ ಸಲ ಈ ಅನುಮತಿ ಇಂತಿಷ್ಟು ವರ್ಷಕ್ಕೆ ಅಂತ ಇರುತ್ತದೆ. ಡಿಸ್ಕ್ ಮಾರುತ್ತಿದ್ದ ಕಾಲಕ್ಕೆ ಹತ್ತು ವರ್ಷ ಅಂದರೆ ಬೇಕಾದಷ್ಟಾಯಿತು. ಹತ್ತು ವರ್ಷದ ಮೇಲೂ ಅದೇ ಆಟ ಆನ್‌ಲೈನ್ ಅಂಗಡಿಯಲ್ಲಿ ಮಾರಾಟವಾಗುತ್ತಲೇ ಇರುತ್ತದೆ ಅಂತ ಆಗ ಯಾರು ಎಣಿಸಿದ್ದರು?

ಜಿಟಿಎ ವೈಸ್ ಸಿಟಿ 2002ರ ಅಕ್ಟೋಬರಿನಲ್ಲಿ ಬಂತು. ಹತ್ತು ವರ್ಷ ದಾಟುತ್ತಿದ್ದಂತೆ, 2012ರ ನವೆಂಬರಿನಲ್ಲಿ, ಸ್ಟೀಮ್‌ನಿಂದ ಮಾಯವಾಯಿತು. 2013ರ ಜನವರಿಯಲ್ಲಿ ವಾಪಸ್ ಬಂದಾಗ ಮೈಕೆಲ್ ಜಾಕ್ಸನ್ ಹಾಡೊಂದು ಅದರಲ್ಲಿರಲಿಲ್ಲ. 2008ರ ಜಿಟಿಎ 4ಕ್ಕೂ 2018ರ ಏಪ್ರಿಲ್‌ನಲ್ಲಿ ಹೀಗೇ ಆಯಿತು. ಅದರೊಳಗಿನ ವ್ಲಾಡಿವೊಸ್ಟಾಕ್ ಎಫ್‌ಎಂ ಎಂಬ ರಷ್ಯನ್ ರೇಡಿಯೊದ ಹಾಡುಗಳು ಹೆಚ್ಚುಕಮ್ಮಿ ಪೂರ್ತಿ ಬದಲಾದವು. ಮೊದಲೇ ಕೊಂಡವರ ಆಟದಲ್ಲೂ ಅಪ್‌ಡೇಟ್ ಮೂಲಕ ಹಾಡು ಹೋಯಿತು. ಆಡಿದವರಿಗೆ ಇದು ಸಣ್ಣ ವಿಷಯವಲ್ಲ. ರಾತ್ರಿ ಹೊತ್ತು ಆ ಊರಿನಲ್ಲಿ ಕಾರು ಓಡಿಸುವ ಗುಂಗು ಆ ಹಾಡುಗಳಿಂದಲೇ ಬರುತ್ತಿತ್ತು.

ಅಲನ್ ವೇಕ್ ಎಂಬ ಆಟದ ಕಥೆ ಸ್ವಲ್ಪ ಸಮಾಧಾನದ್ದು. 2017ರ ಮೇ ತಿಂಗಳಲ್ಲಿ ಹಾಡಿನ ಲೈಸೆನ್ಸ್ ಮುಗಿದು ಅಂಗಡಿಗಳಿಂದ ಹೋಯಿತು. ಹೋಗುವ ಮುಂಚೆ ಶೇ 90ರ ರಿಯಾಯಿತಿಯಲ್ಲಿ ಮಾರಿದರು. 2018ರ ಅಕ್ಟೋಬರಿನಲ್ಲಿ ಲೈಸೆನ್ಸ್ ಮತ್ತೆ ಪಡೆದು, ಹಾಡುಗಳ ಸಮೇತ ವಾಪಸ್ ತಂದರು. ಬೆನ್ನಿಗೆ ಮೈಕ್ರೋಸಾಫ್ಟ್ ನಿಂತಿತ್ತು. ಸಣ್ಣ ಕಂಪನಿಗೆ ಅಂಥ ಬಲ ಎಲ್ಲಿಂದ ಬರಬೇಕು? ನಮ್ಮ ರೋಡ್ ರ‍್ಯಾಶ್‌ನಲ್ಲೂ ಸೌಂಡ್‌ಗಾರ್ಡನ್, ಮಾನ್‌ಸ್ಟರ್ ಮ್ಯಾಗ್ನೆಟ್ ತರಹದ ಬ್ಯಾಂಡುಗಳ ಹಾಡುಗಳಿವೆ. ಇದ್ದ ಹಾಗೇ ವಾಪಸ್ ತರಬೇಕಾದರೆ ಅವುಗಳ ಹಕ್ಕುದಾರರನ್ನೆಲ್ಲ ಕೇಳಬೇಕು.

ಕಾರಿನ ಆಟಗಳದ್ದೂ ಇದೇ ಗತಿ. ಬ್ರ್ಯಾಂಡ್, ಹಾಡು ಎರಡರ ಲೈಸೆನ್ಸೂ ಸೇರಿಕೊಳ್ಳುತ್ತದೆ. ಫೋರ್ಜಾ ಹೊರೈಜನ್ 4 ಬರೀ ಆರು ವರ್ಷಕ್ಕೆ, 2024ರ ಡಿಸೆಂಬರಿನಲ್ಲಿ, ಮಾರಾಟದಿಂದ ಹೋಯಿತು.

ಎಲ್ಲ ತರಹದ ಗಂಟೂ ಒಟ್ಟಿಗೆ ಬಿದ್ದದ್ದು ಗೋಲ್ಡನ್‌ಐಗೆ. ಪ್ರಕಟಿಸಿದ್ದು ನಿಂಟೆಂಡೊ. ಮಾಡಿದ ರೇರ್ ಕಂಪನಿಯನ್ನು 2002ರಲ್ಲಿ 37.5 ಕೋಟಿ ಡಾಲರಿಗೆ ಕೊಂಡದ್ದು ನಿಂಟೆಂಡೊದ ಪ್ರತಿಸ್ಪರ್ಧಿ ಮೈಕ್ರೋಸಾಫ್ಟ್. ಜೇಮ್ಸ್ ಬಾಂಡ್ ಹಕ್ಕು ಎಂಜಿಎಂ ಸಿನಿಮಾ ಸ್ಟುಡಿಯೋ ಮತ್ತು ಬಾಂಡ್ ಸಿನಿಮಾಗಳ ನಿರ್ಮಾಪಕರದ್ದು. ಪಿಯರ್ಸ್ ಬ್ರಾಸ್ನನ್ ಮುಖ ಬೇರೆ. 2007ರ ಹೊತ್ತಿಗೆ ರೇರ್ ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್‌ಗಾಗಿ ಹೊಸ ಚಿತ್ರಗಳ ಆವೃತ್ತಿಯನ್ನು ಹೆಚ್ಚುಕಡಿಮೆ ಮುಗಿಸಿಯೇ ಬಿಟ್ಟಿತ್ತು. ಗುಂಡಿ ಒತ್ತಿದರೆ ಹಳೇ ಚಿತ್ರ, ಮತ್ತೆ ಒತ್ತಿದರೆ ಹೊಸದು. ಎಲ್ಲರೂ ಒಪ್ಪಲಿಲ್ಲ, ಆಟ ಮೂಲೆ ಸೇರಿತು. 2021ರಲ್ಲಿ ಅದು ಸೋರಿಕೆಯಾದಾಗಲೇ ಜನ ಆಡಿ ನೋಡಿದ್ದು. 2015ರಲ್ಲಿ ರೇರ್‌ನ 30 ಆಟಗಳ ಸಂಗ್ರಹ ಬಂದಾಗಲೂ ಗೋಲ್ಡನ್‌ಐ ಅದರಲ್ಲಿರಲಿಲ್ಲ.

ಕೊನೆಗೆ 2023ರ ಜನವರಿ 27ರಂದು ಎರಡೂ ಕಡೆ ಒಟ್ಟಿಗೆ ಬಂತು. ಹಂಚಿಕೆ ಹೇಗಾಯಿತು ಗೊತ್ತಾ? ಎಕ್ಸ್‌ಬಾಕ್ಸ್‌ನಲ್ಲಿ ಚಿತ್ರ ಹೆಚ್ಚು ಸ್ಪಷ್ಟ, ಆದರೆ ಬೇರೆ ಬೇರೆ ಮನೆಯವರು ಇಂಟರ್ನೆಟ್‌ನಲ್ಲಿ ಸೇರಿ ಆಡುವಂತಿಲ್ಲ. ನಿಂಟೆಂಡೊ ಸ್ವಿಚ್‌ನಲ್ಲಿ ಹಾಗೆ ಆಡಬಹುದು, ಆದರೆ ಚಿತ್ರ ಅಷ್ಟು ಸ್ಪಷ್ಟವಿಲ್ಲ. ಒಂದೇ ಆಟ, ಎರಡು ಕಡೆಯೂ ಅರ್ಧರ್ಧ. ಆದರೂ ಬಂತಲ್ಲ, ಅದೇ ದೊಡ್ಡದು.

ನಮ್ಮ ಕಾನೂನಿನಲ್ಲೂ ಈ ಪ್ರಶ್ನೆಗೆ ಜಾಗವಿದೆ. ಬೆಂಗಳೂರಿನಲ್ಲಿ ಗೇಮ್ ಮಾಡುವವರು, ಅದಕ್ಕೆ ಸಂಗೀತ ಕೊಡುವವರು ಇದನ್ನು ತಿಳಿದಿರಬೇಕು. ಭಾರತದ ಕಾಪಿರೈಟ್ ಕಾಯ್ದೆಯ 18ನೇ ಸೆಕ್ಷನ್‌ಗೆ 2012ರಲ್ಲಿ ಒಂದು ಮಾತು ಸೇರಿತು. ಹಕ್ಕು ಬರೆದುಕೊಟ್ಟಾಗ ಇಲ್ಲದೇ ಇದ್ದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆಯದಿದ್ದರೆ, ಆ ಹಕ್ಕು ಅನ್ವಯಿಸುವುದಿಲ್ಲ. ಅವಧಿಯನ್ನೇ ಬರೆಯದಿದ್ದರೆ ಐದು ವರ್ಷ ಅಂತ 19ನೇ ಸೆಕ್ಷನ್ ಹೇಳುತ್ತದೆ. ಕಲಾವಿದರ ಮಟ್ಟಿಗೆ ಇದು ಒಳ್ಳೆಯದೇ, ನಾಳೆ ಹುಟ್ಟುವ ಮಾಧ್ಯಮದ ಲಾಭ ಇವತ್ತೇ ಕೈತಪ್ಪಬಾರದು. ಅದೇ ಹೊತ್ತಿಗೆ, ಇಪ್ಪತ್ತು ವರ್ಷದ ಮೇಲೆ ಆಟವನ್ನು ಮತ್ತೆ ತರುವವರು ಪ್ರತಿಯೊಬ್ಬರನ್ನೂ ಹುಡುಕಿ ಕೇಳಬೇಕಾಗುತ್ತದೆ. ಹಾಗಾಗಿ ಕರಾರು ಪತ್ರದ ಪ್ರತಿ ಜೋಪಾನವಾಗಿರಲಿ. ಕಂಪನಿ ಮಾರಿದರೂ ಅದು ಆಟದ ಜೊತೆಗೇ ಹೋಗಲಿ.

ಮಾಲೀಕರು ಸಿಗದೇ ಇದ್ದರೆ ಏನು ಮಾಡುವುದು? 31ಎ ಸೆಕ್ಷನ್ ಪ್ರಕಾರ, ಕರ್ತೃ ತೀರಿಹೋಗಿದ್ದರೆ ಅಥವಾ ಮಾಲೀಕರ ಪತ್ತೆಯೇ ಇಲ್ಲದಿದ್ದರೆ ಲೈಸೆನ್ಸ್ ಕೊಡಿ ಅಂತ ಅರ್ಜಿ ಹಾಕಬಹುದು. ಕೇಟ್ ಆರ್ಚರ್ ಆಟದಂಥ ಪ್ರಕರಣಕ್ಕೆ ಇದೂ ಸಾಲದು. ಅಲ್ಲಿ ಪತ್ತೆ ಇದ್ದವರು ಮೂವರು, ಹಕ್ಕು ನಮ್ಮದು ಹೌದು ಅಥವಾ ಅಲ್ಲ ಅಂತ ಕಾಗದ ತೋರಿಸಿ ಹೇಳಿದವರು ಯಾರೂ ಇಲ್ಲ. ಇಂತಿಷ್ಟು ತಿಂಗಳಲ್ಲಿ ಕಾಗದ ತೋರಿಸಿ, ಇಲ್ಲದಿದ್ದರೆ ತಡೆಯಬೇಡಿ ಅನ್ನುವ ನಿಯಮ ಎಲ್ಲ ದೇಶದಲ್ಲೂ ಬರಬೇಕು ಅಂತ ನನ್ನ ಆಸೆ. ಈಗಿನ ಅಮೆರಿಕದ ಕಾನೂನಿನಂತೆ ಕಂಪನಿ ಮಾಡಿಸಿದ ಕೃತಿಗೆ ಪ್ರಕಟಣೆಯಿಂದ 95 ವರ್ಷ ರಕ್ಷಣೆ. 2000ದ ಆ ಆಟ ಎಲ್ಲರದ್ದೂ ಆಗುವುದು 2096ರ ಜನವರಿ 1ಕ್ಕೆ.

ಮಾರಾಟ ಬೇಡ, ಓದುವವರಿಗೆ ತೋರಿಸುವುದಕ್ಕಾದರೂ ಬಿಡಿ ಅಂತ ಗ್ರಂಥಾಲಯಗಳ ಪರವಾಗಿ ಅಮೆರಿಕದ ಕಾಪಿರೈಟ್ ಕಚೇರಿಗೆ ಕೋರಿಕೆ ಹೋಗಿತ್ತು. ಮಾರಾಟದಲ್ಲಿಲ್ಲದ ಆಟಗಳನ್ನು ಸಂಶೋಧಕರು ದೂರದಿಂದಲೇ ತೆರೆದು ನೋಡುವ ಅವಕಾಶ ಕೊಡಿ ಅನ್ನುವುದಷ್ಟೇ ಅದರಲ್ಲಿದ್ದದ್ದು. ಗೇಮ್ ಉದ್ಯಮದ ಸಂಘ ವಿರೋಧಿಸಿತು. 2024ರ ಅಕ್ಟೋಬರಿನಲ್ಲಿ ಕಚೇರಿ ಒಪ್ಪಲಿಲ್ಲ. ಹಳೇ ಆಟದ ಬಗ್ಗೆ ಪ್ರಬಂಧ ಬರೆಯುವವರು ಆಟ ಇರುವ ಕಟ್ಟಡಕ್ಕೇ ಹೋಗಬೇಕು. 2025ರ ಜನವರಿಯಲ್ಲಿ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ತನ್ನ ಡಿಜಿಟಲ್ ಗ್ರಂಥಾಲಯ ತೆರೆದಾಗ ಅದರಲ್ಲಿ ಹಳೇ ಗೇಮ್ ಪತ್ರಿಕೆಗಳು, ಆಟ ಮಾಡಿದವರ ಟಿಪ್ಪಣಿಗಳು ಎಲ್ಲ ಇದ್ದವು, ಆಟಗಳಿರಲಿಲ್ಲ. ಇಂಥ ವಿನಾಯಿತಿಗಳನ್ನು ಆ ಕಚೇರಿ ಮೂರು ವರ್ಷಕ್ಕೊಮ್ಮೆ ಪರಿಶೀಲಿಸುತ್ತದೆ. ಮುಂದಿನ ಸರದಿ 2027ಕ್ಕೆ.