ಹೈ ಐಡಲ್ ಅಂದ್ರೆ ಎಂತ? ನಿಂತ ಗಾಡಿ ತಾನಾಗಿ ರೇಸ್ ಆಗುವುದು ಯಾಕೆ?

ಸಂಜೆ ಹೊತ್ತು ಮಂಗಳೂರಿನ ನಂತೂರು ಸರ್ಕಲ್ಲಲ್ಲಿ ಬ್ಲಾಕ್ ಆಗಿ ನಿಂತಿರ್ತೇವಲ್ಲ, ಗಾಡಿ ನ್ಯೂಟ್ರಲ್ಲಲ್ಲಿ, ಕಾಲು ಆಕ್ಸಿಲರೇಟರ್ ಮೇಲೆ ಇಲ್ಲ, ಆದ್ರೂ ಇಂಜಿನ್ ಆಫ್ ಆಗದೆ ಮೆಲ್ಲ ಓಡ್ತಾ ಇರ್ತದೆ, ಅದೇ ಐಡ್ಲಿಂಗ್. ಇಂಗ್ಲಿಷಲ್ಲಿ ಐಡಲ್ ಅಂದ್ರೆ ಕೆಲ್ಸ ಇಲ್ದೆ ಕೂತದ್ದು ಅಂತ ಅರ್ಥ, ಆದ್ರೆ ಇಂಜಿನ್‌ಗೆ ಆಗ ಕೂಡ ಕೆಲ್ಸ ಉಂಟು, ತನ್ನನ್ನು ತಾನು ತಿರುಗಿಸ್ಬೇಕು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ವಾಟರ್ ಪಂಪ್ ಎಲ್ಲ ತಿರುಗಿಸ್ಬೇಕು. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಇಂಜಿನ್ ಬಿಸಿಯಾದ ಮೇಲೆ ಇದಕ್ಕೆ 700ರಿಂದ 900 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಅಷ್ಟು ಸುತ್ತು, ಸಾಕು. ಬಿಸಿಯಾದ ಮೇಲೂ 1300, 1500ರಲ್ಲೇ ನಿಂತ್ರೆ ಅದು ಹೈ ಐಡಲ್. ನಮ್ಮ ಕಡೆ ಗ್ಯಾರೇಜಲ್ಲಿ "ರೇಸ್ ಜಾಸ್ತಿ ಉಂಟು" ಅಂತಾರೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೆ 1200, 1500 ತೋರಿಸಿದ್ರೆ ಹೆದರ್ಬೇಡಿ. ಉಡುಪಿ ಮಂಗಳೂರಲ್ಲಿ ಚಳಿ ಎಲ್ಲಿ ಅಂತ ಕೇಳ್ಬಹುದು, ಆದ್ರೆ ನಮಗೆ ಸೆಖೆ ಆಗುವ 28 ಡಿಗ್ರಿ ಕೂಡ ಇಂಜಿನ್‌ಗೆ ತಂಪೇ, ಅದಕ್ಕೆ ಬೇಕಾದ್ದು 80, 90 ಡಿಗ್ರಿ. ಬಿಸಿ ಏರಿದ ಹಾಗೆ ರೇಸ್ ಇಳಿಬೇಕು. ಎಸಿ ಹಾಕಿದಾಗ ಸ್ವಲ್ಪ ಏರುವುದು ಕೂಡ ಲೆಕ್ಕದ್ದೇ.

ಈಗ ಮುಖ್ಯ ವಿಷಯ. ಪೆಟ್ರೋಲ್ ಇಂಜಿನ್‌ನ ಸ್ಪೀಡ್ ನಿರ್ಧಾರ ಮಾಡುವುದು ಒಳಗೆ ಹೋಗುವ ಗಾಳಿ. ನಾವು ಆಕ್ಸಿಲರೇಟರ್ ಒತ್ತಿದ್ರೆ ತೆರೆಯುವುದು ಥ್ರಾಟಲ್, ಅಂದ್ರೆ ಗಾಳಿಯ ಬಾಗಿಲು, ಆ ಗಾಳಿಗೆ ತಕ್ಕ ಹಾಗೆ ಪೆಟ್ರೋಲ್ ಸೇರ್ತದೆ, ಸುಮಾರು 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್, ತೂಕದ ಲೆಕ್ಕದಲ್ಲಿ. ಹಾಗಾಗಿ ಕಾಲು ತೆಗೆದ ಮೇಲೂ ರೇಸ್ ಜಾಸ್ತಿ ಉಂಟು ಅಂದ್ರೆ ಮೊದ್ಲು ಕೇಳ್ಬೇಕಾದ ಪ್ರಶ್ನೆ ಒಂದೇ, ಬೇಡದ ಗಾಳಿ ಎಲ್ಲಿಂದ ಒಳಗೆ ಹೋಗ್ತಾ ಉಂಟು? ಡೀಸೆಲ್ ಗಾಡಿಯ ಲೆಕ್ಕ ಬೇರೆ, ಅಲ್ಲಿ ಸ್ಪೀಡ್ ಕಂಟ್ರೋಲ್ ಡೀಸೆಲಿನ ಅಳತೆಯಿಂದ.

ಬಾಗಿಲೇ ಸರಿ ಮುಚ್ಚದೆ ಇರಬಹುದು. ಕರಾವಳಿಯ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಹಳೇ ಆಕ್ಸಿಲರೇಟರ್ ಕೇಬಲ್ ಒಳಗೆ ತುಕ್ಕು ಹಿಡಿದು ಅರ್ಧದಲ್ಲೇ ನಿಲ್ತದೆ, ಬಾನೆಟ್ ಎತ್ತಿ ಕೈಯಲ್ಲಿ ಥ್ರಾಟಲ್ ಎಳೆದು ಬಿಟ್ಟು ನೋಡಿ, ಟಕ್ ಅಂತ ವಾಪಸ್ ಹೋಗ್ಬೇಕು. ಕಾರ್ಬುರೇಟರಲ್ಲಿ ಗಾಳಿ ಪೆಟ್ರೋಲ್ ಬೆರೆಸುವ ಹಳೇ ಗಾಡಿ ಆದ್ರೆ, ತಣ್ಣಗಿನ ಸ್ಟಾರ್ಟಿಗೆ ಎಳೆಯುವ ಚೋಕ್ ಪೂರ್ತಿ ಒಳಗೆ ಹೋಗಿದ್ಯಾ ನೋಡಿ. ಎಂಪಿಎಫ್ಐ, ಅಂದ್ರೆ ಇಂಜೆಕ್ಟರಲ್ಲಿ ಪೆಟ್ರೋಲ್ ಬಿಡುವ ಹಲವು ಗಾಡಿಗಳಲ್ಲಿ ಐಎಸಿ ವಾಲ್ವ್ ಅಂತ ಇರ್ತದೆ, ಐಡ್ಲಿಂಗಿಗೆ ಬೇಕಾದ ಗಾಳಿಯನ್ನು ಅದು ಅಳೆದು ಬಿಡುವುದು, ಕಾರ್ಬನ್ ಕಟ್ಟಿ ತೆರೆದಲ್ಲೇ ಸಿಕ್ಕಿಕೊಂಡ್ರೆ ರೇಸ್ ಇಳಿಯುವುದೇ ಇಲ್ಲ. ಇನ್ನೊಂದು, ಕೂಲೆಂಟ್ ಕಮ್ಮಿ ಇದ್ರೆ ಅಥವಾ ಟೆಂಪರೇಚರ್ ಸೆನ್ಸರ್ ಹಾಳಾಗಿದ್ರೆ ಇಸಿಎಂ, ಅಂದ್ರೆ ಇಂಜಿನ್ ನೋಡ್ಕೊಳ್ಳುವ ಕಂಪ್ಯೂಟರ್, ಇಂಜಿನ್ ಇನ್ನೂ ತಣ್ಣಗೆ ಉಂಟು ಅಂತಲೇ ತಿಳ್ಕೊಂಡು ರೇಸ್ ಏರಿಸಿಯೇ ಇಡಬಹುದು.

ಆದ್ರೆ ಹಳೇ ಗಾಡಿಯಲ್ಲಿ ನಾನು ಮೊದ್ಲು ಹುಡುಕುವುದು ವ್ಯಾಕ್ಯೂಮ್ ಲೀಕ್. ಥ್ರಾಟಲ್ ಆದ್ಮೇಲೆ ಬರುವ ರಬ್ಬರ್ ಪೈಪುಗಳಲ್ಲಿ ಎಲ್ಲಿ ಬಿರುಕು ಬಿಟ್ರೂ ಇಂಜಿನ್ ಅಲ್ಲಿಂದ ಗಾಳಿ ಎಳ್ಕೊಳ್ತದೆ. ಕೆಲವು ಗಾಡಿಗಳಲ್ಲಿ ರೇಸ್ ಒಂದೇ ಕಡೆ ನಿಲ್ಲದೆ ಏರಿ ಇಳಿದು ಮಾಡ್ತದೆ, ರೇಸ್ ಜಾಸ್ತಿ ಆಯ್ತು ಅಂತ ಇಸಿಎಂ ಪೆಟ್ರೋಲ್ ಕಟ್ ಮಾಡ್ತದೆ, ಬಿದ್ದ ಕೂಡ್ಲೆ ಪುನಃ ಕೊಡ್ತದೆ. ಬ್ರೇಕ್ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿನ ಪೈಪ್ ಮಾತ್ರ ಬಿಡ್ಲೇಬೇಡಿ, ಬ್ರೇಕ್ ಒತ್ತಿದಾಗ ರೇಸ್ ಬದಲಾದ್ರೆ ಅಥವಾ ಪೆಡಲ್ ಗಟ್ಟಿ ಆದ್ರೆ ಅವತ್ತೇ ತೋರಿಸಿ. ಲೀಕ್ ಹುಡುಕ್ಲಿಕ್ಕೆ ಕೆಲವರು ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೀತಾರೆ, ಬಿಸಿ ಇಂಜಿನ್ ಮೇಲೆ ಅದು ಬೆಂಕಿ ಹಿಡಿಯಬಹುದು, ಸೋಪು ನೀರು ಸಾಕು, ಅಥವಾ ಒಂದೊಂದೇ ಪೈಪನ್ನು ಇಕ್ಕಳದಲ್ಲಿ ಮೆತ್ತಗೆ ಒತ್ತಿ ಹಿಡಿದು ರೇಸ್ ಇಳಿತದಾ ಅಂತ ಕಿವಿ ಕೊಟ್ಟು ಕೇಳಿ.

ನನ್ನ ಮಾವನ 2004ರ ಪೆಟ್ರೋಲ್ ಗಾಡಿ ಹೀಗೇ 1600ರಲ್ಲಿ ನಿಲ್ತಾ ಇತ್ತು, ಕ್ಲಚ್ ಬಿಟ್ರೆ ಸಾಕು ಮುಂದೆ ಹಾರ್ತಿತ್ತು. ಒಂದು ಗ್ಯಾರೇಜಲ್ಲಿ ಐಡಲ್ ಸ್ಕ್ರೂ ತಿರುಗಿಸಿ ಇಳಿಸಿ ಕೊಟ್ರು, ಎರಡು ವಾರ ಸರಿ ಇತ್ತು, ಮತ್ತೆ ಅದೇ. ಕಡೆಗೆ ನಾವೇ ಅಂಗಳದಲ್ಲಿ ಟಾರ್ಚ್ ಹಿಡ್ಕೊಂಡು ನೋಡಿದ್ದು. ಇಂಜಿನ್ ಒಳಗಿನ ಹಬೆಯನ್ನು ಪುನಃ ಗಾಳಿಯ ದಾರಿಗೆ ತರುವ ಪಿಸಿವಿ ಪೈಪ್ ಮೇಲಿಂದ ನೋಡಿದ್ರೆ ಚಂದ ಉಂಟು, ಬಗ್ಗಿಸಿದಾಗ ಅಡಿಯಲ್ಲಿ ಉಗುರಿನಷ್ಟು ಉದ್ದದ ಬಿರುಕು, ಅದಕ್ಕೆ ಬೆರಳು ಒತ್ತಿ ಹಿಡಿದ ಕೂಡ್ಲೆ ಬುಸ್ ಅನ್ನುವ ಶಬ್ದ ನಿಂತು ಇಂಜಿನ್ ಮೆತ್ತಗಾಯ್ತು. ಪೈಪ್ ಬದಲಿಸಿದ್ಮೇಲೆ ರೇಸ್ 550ಕ್ಕೆ ಬಿದ್ದು ಎಸಿ ಹಾಕಿದ್ರೆ ಆಫ್ ಆಗ್ಲಿಕ್ಕೆ ಶುರು, ಯಾಕಂದ್ರೆ ಸ್ಕ್ರೂ ಆ ಲೀಕಿಗೆ ಲೆಕ್ಕ ಹಾಕಿ ಇಳಿಸಿದ್ದಲ್ವಾ. ಅದನ್ನು ಮೊದ್ಲಿನ ಜಾಗಕ್ಕೆ ತಂದ್ಮೇಲೆ 850ಕ್ಕೆ ನಿಂತಿತು.